ತಿಳಿಸಾರಿನ ವಕಾಲತ್ತು

ಬರ್ ದುಬೈನಲ್ಲಿ ಹಸಿದವನು ತಾನೇ ಅಡುಗೆ ಮಾಡಿಕೊಳ್ಳಬೇಕಾದ ಪ್ರಮೇಯವೇ ಇಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸೋಲುವ ಕೇಸು ಹಿಡಿದ ವಕೀಲ ಎದುರು ಪಕ್ಷದ ಗಟ್ಟಿ ಸಾಕ್ಷಿಯನ್ನು ತಾನೇ ಕರೆದು ಕೂರಿಸಿಬಿಟ್ಟರೆ ಮುಂದೆ ಮಾತಾಡಲು ಒಂದು ಬಗೆಯ ಭಂಡ ಧೈರ್ಯ ಬರುತ್ತದೆ. ಮೀನಾ ಬಜಾರಿನಿಂದ ಹೊರಟು, ಖಾಲಿದ್ ಬಿನ್ ಅಲ್ ವಲೀದ್ ರಸ್ತೆ ದಾಟಿ, ಕರಾಮಾದ ಕಡೆ ಸುಮ್ಮನೆ ಕಾಲು ಹಾಕಿ ನೋಡಿ. ಸಿಂಧಿಗಳ ದಾಲ್ ಪಕ್ವಾನ್, ಗುಜರಾತಿ ಥಾಲಿ, ಮಲಬಾರ್ ಬಿರಿಯಾನಿ, ಇರಾನಿ ಕಬಾಬು, ಪಾಕಿಸ್ತಾನಿ ನಿಹಾರಿ, ಫಿಲಿಪಿನೋ ಅಡೋಬೊ ಎಲ್ಲವೂ ಸಾಲಾಗಿ ನಿಂತು ಕರೆಯುತ್ತವೆ. ಇವೆಲ್ಲ ಪರಕೀಯ ಎನ್ನುವ ಹಟಮಾರಿಗೆ ಉಡುಪಿ ಶೈಲಿಯ ಹೋಟೆಲುಗಳಿವೆ, ಕಾಮತ್ ಇದೆ, ಬೆಂಗಳೂರಿನಿಂದ ಬಂದ ಎಂಟಿಆರ್ ಕೂಡ ಇದೆ. ಇಷ್ಟೆಲ್ಲ ಇದ್ದೂ ಬೆಳಗ್ಗೆ ಐದೂವರೆಗೆ ಇಲ್ಲಿನ ಹಳೇ ಬಿಲ್ಡಿಂಗುಗಳ ಅಡುಗೆಮನೆಗಳಲ್ಲಿ ಕುಕ್ಕರುಗಳು ಕೂಗುತ್ತವೆ. ಪ್ರತಿ ಕುಕ್ಕರಿನ ಮುಂದೆ ಲುಂಗಿ ಮೇಲೆತ್ತಿ ಕಟ್ಟಿದವನೊಬ್ಬ ನಿದ್ದೆಗಣ್ಣಲ್ಲಿ ವಿಷಲ್ ಎಣಿಸುತ್ತ ನಿಂತಿರುತ್ತಾನೆ. ಮಧ್ಯಾಹ್ನದ ಡಬ್ಬಿಗೆ ಅನ್ನ ಮತ್ತು ತಿಳಿಸಾರು. ಕೇಳಿದರೆ ಮೂರು ಕಾರಣ ಹೇಳುತ್ತಾನೆ: ದುಡ್ಡು ಉಳಿಯುತ್ತದೆ, ಆರೋಗ್ಯಕ್ಕೆ ಒಳ್ಳೆಯದು, ಮನೆಯ ರುಚಿ. ಮೂರೂ ಸುಳ್ಳು. ಆ ಪಂಥದ ದೀಕ್ಷೆ ಪಡೆದವನಾದ್ದರಿಂದ ಇಷ್ಟು ಖಡಾಖಂಡಿತವಾಗಿ ಹೇಳಬಲ್ಲೆ. ನಿಜವಾದ ಕಾರಣ ಬೇರೆಯೇ ಇದೆ, ಅದು ಇವುಗಳಿಗಿಂತ ಘನವಾದದ್ದು. ಲೋಕದಲ್ಲಿ ಯಾರನ್ನೂ ದೂರದೆ ತಿನ್ನಬಹುದಾದ ಊಟ ಇದೊಂದೇ.

ಮೊದಲು ದುಡ್ಡಿನ ಮಾತು ಮುಗಿಸೋಣ. ಊರಿನಿಂದ ಹೊಸದಾಗಿ ಬಂದವನಿಗೆ ಗುಣಾಕಾರದ ಕಾಯಿಲೆ ಇರುತ್ತದೆ. 20 ದಿರ್ಹಮಿನ ಊಟದ ತಟ್ಟೆ ಮುಂದೆ ಬಂದದ್ದೇ ಮನಸ್ಸು ಅದನ್ನು ರೂಪಾಯಿಗೆ ತಿರುಗಿಸಿ, ನಾನೂರರ ಮೇಲಾಯಿತಲ್ಲ ಎಂದು ಗಂಟಲಿಗೆ ಅಡ್ಡ ಕೂರುತ್ತದೆ. ಇದರಲ್ಲಿ ಇನ್ನೂ ಒಂದು ವಕ್ರವಿದೆ. 1997ರಿಂದ ದಿರ್ಹಮನ್ನು ಡಾಲರಿಗೆ 3.6725ರ ಲೆಕ್ಕದಲ್ಲಿ ಗೂಟಕ್ಕೆ ಕಟ್ಟಿಹಾಕಿದ್ದಾರೆ, ಅದು ಅಲ್ಲಾಡುವುದಿಲ್ಲ. ಜಾರುವುದು ನಮ್ಮ ರೂಪಾಯಿ. ಹಾಗಾಗಿ ಹೋಟೆಲಿನವನು ಬೋರ್ಡಿನ ಮೇಲೆ ಒಂದಂಕಿಯನ್ನೂ ತಿದ್ದದಿದ್ದರೂ ಕನ್ನಡಿಗನ ತಲೆಯೊಳಗೆ ಅದೇ ಊಟ ವರ್ಷ ವರ್ಷವೂ ತುಟ್ಟಿಯಾಗುತ್ತ ಹೋಗುತ್ತದೆ. ಹಿಂದಿನವರಿಗೆ ಈ ಸಂಕಟ ಇರಲಿಲ್ಲ. 1966ರ ತನಕ ಇದೇ ಬರ್ ದುಬೈನಲ್ಲಿ ಓಡಾಡುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕು 1959ರಲ್ಲಿ ಕೊಲ್ಲಿಗೆಂದೇ ಹೊರತಂದ ರೂಪಾಯಿ. ಊರಿನ ರೂಪಾಯಿಗೂ ಅದಕ್ಕೂ ಸಮಸಮ. 1966ರ ಜೂನ್‌ನಲ್ಲಿ ದೆಹಲಿ ಅಪಮೌಲ್ಯ ಮಾಡಿದ ಮೇಲೆ ದುಬೈನವರು ಅದನ್ನು ಕೈಬಿಟ್ಟರು, ನಮಗೆ ಗುಣಾಕಾರ ಗಂಟುಬಿತ್ತು. ಇರಲಿ, ಗುಣಿಸಿ ಗುಣಿಸಿ ದಣಿದವನು ಒಂದು ದಿನ ತಾನೇ ಬೇಯಿಸಿಕೊಳ್ಳಲು ತೀರ್ಮಾನಿಸುತ್ತಾನೆ. ಐದು ಕೆಜಿ ಅಕ್ಕಿ, ಒಂದು ಕೆಜಿ ತೊಗರಿಬೇಳೆ, ಇಷ್ಟೇ ಸಾಕು ಎಂದು ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾನೆ. ಬರುವಾಗ ಆಫರಿನಲ್ಲಿ ಸಿಕ್ಕ ನಾನ್‌ಸ್ಟಿಕ್ ಬಾಣಲೆ, ಬಿಸಿ ಆರದ ಮೂರಂತಸ್ತಿನ ಕ್ಯಾರಿಯರ್, ಅದನ್ನಿಡಲು ಬೆಳ್ಳಿಬಣ್ಣದ ಒಳಪದರವಿರುವ ಚೀಲ, ಒಂದು ಕೊಂಡರೆ ಒಂದು ಉಚಿತವೆಂದು ಎರಡು ಡಬ್ಬ ಖರ್ಜೂರ, ಇಷ್ಟನ್ನೂ ಹೊತ್ತು ತರುತ್ತಾನೆ. ಕರಿಬೇವು ಮರೆತಿರುತ್ತಾನೆ. ಕರಿಬೇವಿಗೆಂದು ಮಾರನೇ ದಿನ ಮತ್ತೆ ಹೋದಾಗ ಏನೇನು ತಂದ ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಅಷ್ಟು ದುಡ್ಡಿಗೆ ತಿಂಗಳುಗಟ್ಟಲೆ ಹೋಟೆಲಿನಲ್ಲಿ ಬಾಳೆಎಲೆ ಹಾಸಿಸಿಕೊಂಡು ಉಣ್ಣಬಹುದಿತ್ತು.

ಇನ್ನು ಸರಳ ಅಡುಗೆ ಎಂಬ ಮಾತು. ಅನ್ನ-ಸಾರಿಗಿಂತ ಸರಳವಾದದ್ದು ಏನಿದೆ ಎನ್ನುತ್ತಾರೆ. ಊರಿನಲ್ಲಿ ಹೌದು. ಇಲ್ಲಿ ಒಂದು ಸೌಟು ತಿಳಿಸಾರಿನ ಹಿಂದೆ ಎರಡು ಮೂರು ಸರ್ಕಾರಗಳು, ಒಂದು ಸಮುದ್ರ, ಹಲವು ವಿಮಾನಗಳು ನಿಂತಿರುತ್ತವೆ. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅದೇ ತಿಂಗಳ ಕೊನೆಗೆ ಯುಎಇ ತನ್ನಲ್ಲಿರುವ ಭಾರತದ ಅಕ್ಕಿ ಹೊರಗೆ ಹೋಗಬಾರದೆಂದು ನಾಲ್ಕು ತಿಂಗಳ ತಡೆ ಹಾಕಿತು. ಆಗಸ್ಟ್‌ನಲ್ಲಿ ಕುಚ್ಚಲಕ್ಕಿಯ ರಫ್ತಿನ ಮೇಲೆ ಭಾರತ ಶೇ. 20 ಸುಂಕ ಹೇರಿತು. ಅಂದರೆ ಘಟ್ಟದ ಮೇಲಿನವನ ಸೋನಾ ಮಸೂರಿಗೆ ನಿಷೇಧ, ಕರಾವಳಿಯವನ ಗಂಜಿಗೆ ತೆರಿಗೆ. ಕರ್ನಾಟಕದ ಎರಡೂ ಸೀಮೆಗಳನ್ನು ಇಷ್ಟು ಸಮದೃಷ್ಟಿಯಿಂದ ಕಂಡ ಇನ್ನೊಂದು ಸರ್ಕಾರಿ ಆದೇಶ ನನಗೆ ನೆನಪಾಗುತ್ತಿಲ್ಲ. ಬಿಳಿ ಅಕ್ಕಿಯ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ನಡುವೆ ಈರುಳ್ಳಿಗೂ ನಿಷೇಧ ಬಂದು, ಯುಎಇಗೆಂದು 14,400 ಟನ್ ಕಳಿಸಲು 2024ರ ಮಾರ್ಚ್‌ನಲ್ಲಿ ವಿಶೇಷ ಅಪ್ಪಣೆಯಾಯಿತು. ಇತ್ತ ಮೂರನೇ ಮಹಡಿಯಲ್ಲಿ ಲುಂಗಿ ಕಟ್ಟಿ ಅರ್ಧ ಈರುಳ್ಳಿ ಹೆಚ್ಚುವವನಿಗೆ ತನ್ನ ಹಿಂದೆ ಇಷ್ಟು ಪತ್ರವ್ಯವಹಾರ ನಡೆದಿದೆಯೆಂಬ ಕಲ್ಪನೆಯೇ ಇರುವುದಿಲ್ಲ. ಇಂಗಿನ ಕಥೆ ಇದಕ್ಕಿಂತ ಸೊಗಸು. ಇಂಗಿನ ಅಂಟು ಬರುವುದು ಇರಾನ್, ಅಫಘಾನಿಸ್ತಾನಗಳಿಂದ. ದುಬೈ ಕ್ರೀಕಿನಲ್ಲಿ ಲಂಗರು ಹಾಕಿದ ಮರದ ಢೌಗಳು ಸರಕು ಹೇರಿಕೊಂಡು ಹೋಗುವುದೂ ಹೆಚ್ಚಾಗಿ ಎದುರಿನ ಇರಾನಿಗೇ. ಆದರೆ ಆ ಅಂಟು ನೆಟ್ಟಗೆ ಈ ದಡಕ್ಕೆ ಬಂದು ನಮ್ಮ ಸೌಟಿಗೆ ಬೀಳುವುದಿಲ್ಲ. ಉತ್ತರ ಪ್ರದೇಶದ ಹಾಥರಸ್‌ಗೆ ಹೋಗಿ, ಹಿಟ್ಟು ಗೋಂದು ಬೆರೆಸಿಕೊಂಡು, ಡಬ್ಬಿ ಹೊಕ್ಕು, ಹಡಗೋ ವಿಮಾನವೋ ಏರಿ ಮೀನಾ ಬಜಾರಿನ ಅಂಗಡಿಗೆ ಬರುತ್ತದೆ. ಹಿಮಾಚಲದ ಲಾಹೌಲ್‌ನಲ್ಲಿ 2020ರಲ್ಲಿ ಇಂಗಿನ ಸಸಿ ನೆಟ್ಟಿದ್ದಾರೆ, ನೋಡಬೇಕು. ನೀರಂತೂ ಸಮುದ್ರದ್ದೇ, ಜಬಲ್ ಅಲಿಯಲ್ಲಿ ಉಪ್ಪು ತೆಗೆದದ್ದು. ಅಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ತೆಗೆದ ಉಪ್ಪನ್ನು ನಾವು ಇಲ್ಲಿ ಚಮಚದಲ್ಲಿ ವಾಪಸು ಹಾಕುತ್ತೇವೆ, ಅದೂ ಅಂದಾಜು ತಪ್ಪಿ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕು ಕುದಿಯುವುದರಿಂದ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ಬಲ್ಲವರು ಗೀಸರ್ ಆರಿಸಿಟ್ಟು, ಬಿಸಿನೀರಿನ ನಲ್ಲಿಯಿಂದ ತಣ್ಣೀರು ಹಿಡಿಯುತ್ತಾರೆ. ಗಸಗಸೆಯ ವಿಚಾರ ಮಾತ್ರ ತಮಾಷೆಯಲ್ಲ. ಯುಎಇ ಕಾನೂನಿನ ಪ್ರಕಾರ ಅದು ಮಾದಕ ವಸ್ತು, ಸೂಟ್‌ಕೇಸಿನಲ್ಲಿ ಸಿಕ್ಕರೆ ಜೈಲಿನ ಬಾಗಿಲು. ನಮ್ಮಲ್ಲಿ ಹಬ್ಬದ ಮಧ್ಯಾಹ್ನ ಗಸಗಸೆ ಪಾಯಸ ಕುಡಿದು ಜಗಲಿಯ ಮೇಲೆ ಉರುಳಿಕೊಳ್ಳುವ ಹಿರಿಯರನ್ನು ನೆನೆದರೆ ಆ ಕಾನೂನು ಬರೆದವರು ಪೂರಾ ತಪ್ಪೆಂದು ಹೇಳಲೂ ಬಾಯಿ ಬರುವುದಿಲ್ಲ.

ಈ ಅಡುಗೆಯಲ್ಲಿ ಮನುಷ್ಯನ ಪಾಲು ಎಂಬುದು ಏನಾದರೂ ಇದ್ದರೆ ಅದು ಒಗ್ಗರಣೆಯ ಅರ್ಧ ನಿಮಿಷ. ಅಕ್ಕಿ ಬೇಯುವುದು ಕುಕ್ಕರಿನ ಪುಣ್ಯ, ಬೇಳೆ ಬೇಯುವುದೂ ಅದರ ಪುಣ್ಯ. ಪುಡಿ ಊರಿನಿಂದ ಬಂದದ್ದು. ಒಗ್ಗರಣೆ ಮಾತ್ರ ಸ್ವಂತದ್ದು, ಆದ್ದರಿಂದ ಅದರ ಮೇಲೆ ಸ್ವಲ್ಪ ನಿಧಾನಿಸಲೇಬೇಕು. ಶಾಸ್ತ್ರ ಸರಳವಾಗಿದೆ: ಸಾಸಿವೆಯೊಳಗಿನ ತೇವ ಕಾದ ಎಣ್ಣೆಯಲ್ಲಿ ಆವಿಯಾಗಿ, ಸಿಪ್ಪೆ ಒಡೆದು ಹೊರಬರುತ್ತದೆ, ಚಟಪಟ ಎನ್ನುವುದು ಅದೇ. ಪ್ರಯೋಗ ಮಾತ್ರ ಕಷ್ಟ. ಹಳೇ ಫ್ಲ್ಯಾಟುಗಳ ಕಾಯಿಲ್ ಒಲೆಗೆ ಎರಡೇ ಸ್ವಭಾವ. ಮೊದಲು ಎಷ್ಟು ತಿರುಗಿಸಿದರೂ ಬಿಸಿಯಾಗುವುದಿಲ್ಲ, ಒಮ್ಮೆ ಕೆಂಪಾದ ಮೇಲೆ ಆರಿಸಿದರೂ ಆರುವುದಿಲ್ಲ. ಅದರ ಮೇಲೆ ಒಗ್ಗರಣೆ ಸೌಟು. ಸೌಟಿನಲ್ಲಿ ಎಣ್ಣೆ. ಎಣ್ಣೆಗೆ ಸಾಸಿವೆ ಬಿದ್ದಾಗಿದೆ, ಸದ್ದಿಲ್ಲ. ಎಣ್ಣೆ ಕಾದಿಲ್ಲವೋ, ಸಾಸಿವೆ ಹಳೆಯದೋ ಎಂಬ ಅನುಮಾನ ಹುಟ್ಟಿ, ಗುಂಡಿಯನ್ನು ಇನ್ನೊಂದು ಸುತ್ತು ತಿರುಗಿಸುವ ಹೊತ್ತಿಗೆ ಒಂದೇ ಒಂದು ಸಾಸಿವೆ ಸಿಡಿಯುತ್ತದೆ. ಇಲ್ಲಿ ದೊಡ್ಡ ಪ್ರಶ್ನೆ ಏಳುತ್ತದೆ. ಈ ಒಂದು ಸಾಸಿವೆ ಉಳಿದವರ ಮುಖಂಡನೋ ಅಥವಾ ಸ್ವಭಾವತಃ ಆತುರದವನೋ? ಮುಖಂಡನೆಂದು ನಂಬಿ ಸೌಟು ಎತ್ತಿದರೆ ಅರ್ಧ ಸಾಸಿವೆ ಹಸಿಯಾಗಿಯೇ ಉಳಿದು, ಮಧ್ಯಾಹ್ನ ಒಂದು ಗಂಟೆಗೆ ಹಲ್ಲಿಗೆ ಸಿಕ್ಕಿ ಕಹಿಯಾಗಿ ಸೇಡು ತೀರಿಸಿಕೊಳ್ಳುತ್ತದೆ. ಆತುರದವನೆಂದು ಕಾದರೆ ಉಳಿದವರೆಲ್ಲ ಒಟ್ಟಿಗೆ ಸಿಡಿದು, ಕರಕಾಗಿ, ಹೊಗೆ ಮೇಲೇಳುತ್ತದೆ. ಮೇಲೆ ಚಾವಣಿಯಲ್ಲಿ ಅಲಾರಂನ ಬಿಳಿ ಬಟ್ಟಲು ಕೆಂಪು ಕಣ್ಣು ಮಿಟುಕಿಸುತ್ತ ಇದಕ್ಕೇ ಕಾದಿದೆ. ಅದಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟುವ ಮಹಾನುಭಾವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಬುದ್ಧಿಗೂ ವಿರುದ್ಧ. ಅಲಾರಂ ಕೂಗಿತೆಂದರೆ ಇಡೀ ಬಿಲ್ಡಿಂಗು ಮೆಟ್ಟಿಲಿಳಿದು ರಸ್ತೆಗೆ ಬರಬೇಕು. ಏಳು ಮಹಡಿಯ ಸಂಸಾರಗಳು ಫುಟ್‌ಪಾತಿನ ಮೇಲೆ ನಿದ್ದೆಗಣ್ಣಲ್ಲಿ ನಿಂತು ಕಾರಣ ಕೇಳಿದಾಗ ಸಾಸಿವೆ ಎಂದು ಹೇಳಬೇಕಾದವನ ಮುಖವನ್ನು ಊಹಿಸಿಕೊಳ್ಳಿ. ಆಗಲೇ ನೆನಪಾಗುತ್ತದೆ, ಕರಿಬೇವು ಹಾಕಿಲ್ಲ. ಫ್ರಿಜ್ಜಿನಿಂದ ತೆಗೆದು ತೊಳೆದ ಕರಿಬೇವಿಗೆ ನೀರು ಅಂಟಿದೆ. ಒರೆಸಲು ಸಮಯವಿಲ್ಲ. ಎಡಗೈಯಲ್ಲಿ ಕುಕ್ಕರಿನ ಮುಚ್ಚಳವನ್ನು ಗುರಾಣಿಯಾಗಿ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಬಲಗೈಯಿಂದ ಎಸೆಯಬೇಕು. ಎಸೆದದ್ದರಲ್ಲಿ ಅರ್ಧ ಸೌಟಿಗೆ, ಅರ್ಧ ಒಲೆಯ ಹಿಂದಕ್ಕೆ. ಈಗ ಇಂಗು. ಇಂಗಿನ ಘಮಲು ಬಾಗಿಲ ಸಂದಿಯಿಂದ ರೂಮಿನೊಳಗೆ ನುಸುಳಿದಾಗ ನೈಟ್ ಡ್ಯೂಟಿ ಮುಗಿಸಿ ಆಗತಾನೆ ಮಲಗಿದ ಲಖನೌದವನು ಕಂಬಳಿ ಮುಖದ ಮೇಲೆಳೆದುಕೊಳ್ಳುತ್ತಾನೆ, ಕಾಸರಗೋಡಿನವನು ನಿದ್ದೆಯಲ್ಲೇ ‘ಸಾರಾ?’ ಎನ್ನುತ್ತಾನೆ. ಕೊನೆಗೆ ಸೌಟನ್ನು ಪಾತ್ರೆಗೆ ಮುಳುಗಿಸುವ ಘಳಿಗೆ. ‘ಚುಂಯ್’ ಎಂದರೆ ಪಾಸು. ಬರೀ ‘ಸೊಸ್’ ಎಂದರೆ ನಪಾಸು. ಮಧ್ಯಾಹ್ನ ಮೈಕ್ರೋವೇವಿನಲ್ಲಿ ಎರಡು ನಿಮಿಷ ತಿರುಗಿದ ಮೇಲೆ ಎರಡಕ್ಕೂ ರುಚಿಯಲ್ಲಿ ಯಾವ ವ್ಯತ್ಯಾಸವೂ ಇರುವುದಿಲ್ಲ ಎಂಬುದು ನಮ್ಮ ಪಂಥದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ಆರೋಗ್ಯದ ವಾದವನ್ನು ಆಫೀಸಿನ ಡ್ರಾಯರಿನಲ್ಲಿರುವ ಉಪ್ಪಿನಕಾಯಿ ಬಾಟಲಿಯೇ ಖಂಡಿಸುತ್ತದೆ. ಸಪ್ಪೆ ಸಾರು ಇಳಿಯಬೇಕಾದರೆ ಮಾವಿನ ಮಿಡಿ ಬೇಕು, ಮಿಕ್ಸ್ಚರ್ ಬೇಕು, ಆಮೇಲೆ ಬಾಯಿ ಚಪ್ಪರಿಸಲು ಆಫರಿನ ಖರ್ಜೂರವೂ ಬೇಕು. ರುಚಿಯ ವಾದ ಪ್ಯಾಂಟ್ರಿಯ ಮೈಕ್ರೋವೇವ್ ಮುಂದೆ ಸಾಯುತ್ತದೆ. ಐದಾರು ದೇಶಗಳ ಡಬ್ಬಿಗಳು ಅಲ್ಲಿ ಸಾಲುಗಟ್ಟಿರುತ್ತವೆ, ಒಬ್ಬರ ಒಣಮೀನು ಬಿಸಿಯಾದ ಮೇಲೆ ಹಿಂದೆ ಬರುವವರ ಅನ್ನಕ್ಕೂ ಅದೇ ಪರಿಮಳ. ಅದಕ್ಕೇ ಮೊಸರನ್ನ ಒಯ್ಯುತ್ತೇವೆ ಎನ್ನುವ ಜಾಣರಿದ್ದಾರೆ. ಊರಿನ ಸೂತ್ರದಂತೆ ಅನ್ನಕ್ಕೆ ಹಾಲು ಹೆಚ್ಚು ಹಾಕಿ ಮೊಸರು ಒಂದೇ ಚಮಚ ಕಲೆಸಿದರೆ ನಮ್ಮಲ್ಲಿ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗಿರುತ್ತದೆ. ದುಬೈ ಆಫೀಸಿನ ಎಸಿಯಲ್ಲಿ ಆ ಒಂದು ಚಮಚ ಮೊಸರು ಚಳಿಗೆ ಮುದುಡಿ ಕೂತಿರುತ್ತದೆ, ಡಬ್ಬಿ ತೆರೆದರೆ ಸಿಗುವುದು ತಣ್ಣನೆಯ ಹಾಲನ್ನ.

ಇಷ್ಟೆಲ್ಲ ಗೋಳೇಕೆ, ಫೋನಿನಲ್ಲಿ ಒತ್ತಿದರೆ ಊಟ ಮೇಜಿಗೆ ಬರುತ್ತದಲ್ಲ ಎನ್ನುವವರಿಗೆ ನಗುತ್ತ ಉತ್ತರ ಕೊಡಲು ಆಗುವುದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಈ ದೇಶದ ನಿಯಮವಿದೆ. ಕಟ್ಟಡದ ಕೆಲಸ ನಿಲ್ಲುತ್ತದೆ, ನಮ್ಮ ಹಸಿವು ನಿಲ್ಲುವುದಿಲ್ಲ. ಡೆಲಿವರಿ ಹುಡುಗರು ದಣಿವಾರಿಸಿಕೊಳ್ಳಲು ಅಲ್ಲಲ್ಲಿ ಎಸಿ ತಂಗುದಾಣಗಳನ್ನು ಕಟ್ಟಿದ್ದಾರೆ, ನಿಜ. ಆದರೆ ಅವರಿಗೆ ಮಧ್ಯಾಹ್ನದೂಟದ ಆರ್ಡರು ಬೀಳುವುದೂ ಅದೇ ಎರಡೂವರೆ ಗಂಟೆಯಲ್ಲಿ. ನೀವು ಡಬ್ಬಿ ತಂದರೆ ಅವನ ಒಂದು ಟ್ರಿಪ್ಪಿನ ದುಡ್ಡು ಹೋಯಿತಲ್ಲ ಎಂದು ಯಾರಾದರೂ ತಿರುಗಿ ಕೇಳಬಹುದು. ಕೇಳಲಿ, ಅದಕ್ಕೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ದೇಶದಲ್ಲಿ ನಿಜವಾಗಿ ಬುತ್ತಿ ಕಟ್ಟುವವರು ಬರ್ ದುಬೈನ ನಾವಲ್ಲ. ಸೋನಾಪುರದ, ಅಲ್ ಕೂಜ್‌ನ ಲೇಬರ್ ಕ್ಯಾಂಪುಗಳಲ್ಲಿ ಡ್ಯೂಟಿ ಮುಗಿಸಿ ಬಂದವರು ರಾತ್ರಿ ಒಲೆಗೆ ಸರದಿ ಕಾದು ನಿಂತು ಮಾರನೇ ದಿನದ ಅನ್ನ-ದಾಲನ್ನೂ ಬೇಯಿಸಿಟ್ಟುಕೊಳ್ಳುತ್ತಾರೆ. ಬೆಳಕು ಹರಿಯುವ ಮೊದಲೇ ಡಬ್ಬಿ ಹಿಡಿದು ಬಸ್ಸು ಹತ್ತುತ್ತಾರೆ. ಬೇಸಿಗೆಯಲ್ಲಿ ಮಧ್ಯಾಹ್ನ ಮುಚ್ಚಳ ತೆಗೆದಾಗ ಅದು ಹಳಸಿರುವುದೂ ಉಂಟು. ಅವರಿಗೆ ದುಡ್ಡಿನ ವಾದ ಸುಳ್ಳಲ್ಲ, ಊರಿಗೆ ಹೋಗುವ ಹಣದಲ್ಲಿ ಆ ಡಬ್ಬಿಯ ಲೆಕ್ಕವೂ ಇರುತ್ತದೆ. ಅವರು ಇದರ ಬಗ್ಗೆ ಪ್ರಬಂಧ ಬರೆಯುವುದಿಲ್ಲ. ನಮ್ಮ ಕಡೆಯ ನರ್ಸುಗಳೂ ಬರೆಯುವುದಿಲ್ಲ. ಹನ್ನೆರಡು ಗಂಟೆಯ ಡ್ಯೂಟಿ ಮುಗಿಸಿ ಬಂದು ನಾಲ್ವರಿಗೆ ಒಟ್ಟಿಗೆ ಗಂಜಿ-ಚಟ್ನಿ ಮಾಡಿ, ಉಂಡು, ಪಾತ್ರೆ ತೊಳೆದು ಮಲಗುತ್ತಾರೆ. ಭಾನುವಾರ ಏಳು ಗಾಜಿನ ಡಬ್ಬಿಗಳನ್ನು ಸಾಲಾಗಿಟ್ಟು, ಮೇಲೆ ಕೊತ್ತಂಬರಿ ಉದುರಿಸಿ, ಫೋಟೋ ಹಿಡಿದು, ‘ವಾರದ ಊಟ ರೆಡಿ’ ಎಂದು ಲೋಕಕ್ಕೆ ಡಂಗುರ ಸಾರುವವರನ್ನು ಕಂಡರೆ ನನಗೆ ಮೈ ಉರಿಯುವುದು ಈ ಕಾರಣಕ್ಕೆ. ಮಂಗಳವಾರದ ಹೊತ್ತಿಗೆ ಆ ಏಳರಲ್ಲಿ ನಾಲ್ಕು ಕಸದ ಬುಟ್ಟಿ ಸೇರಿರುತ್ತವೆ, ಅದರ ಫೋಟೋ ಮಾತ್ರ ಬರುವುದಿಲ್ಲ.

ಹಾಗಾದರೆ ದುಡ್ಡಿಲ್ಲ, ಆರೋಗ್ಯವಿಲ್ಲ, ರುಚಿಯಿಲ್ಲ. ಆದರೂ ಐದೂವರೆಗೆ ಏಳುವುದು ಯಾಕೆ? ನಮ್ಮ ಮನೆಗಳ ಗಂಡಸರು ಊಟಕ್ಕೆ ಕೂರುವ ರೀತಿಯನ್ನು ಗಮನಿಸಿ. ಮೊದಲ ತುತ್ತು ಒಳಗೆ ಹೋಗುತ್ತದೆ, ಎರಡು ಕ್ಷಣ ಮೌನ, ಆಮೇಲೆ ತೀರ್ಪು. ‘ಉಪ್ಪು ಒಂಚೂರು ಕಮ್ಮಿ.’ ‘ಹುಳಿ ಮುಂದಾಯಿತು.’ ಇದನ್ನು ದೂರು ಎಂದರೆ ಅವರು ಒಪ್ಪುವುದಿಲ್ಲ, ಸುಮ್ಮನೆ ಹೇಳಿದೆ ಎನ್ನುತ್ತಾರೆ. ಅಜ್ಜಿ, ಅಮ್ಮ, ಹೆಂಡತಿ ಎಂದು ಮೂರು ತಲೆಮಾರಿನ ಹೆಂಗಸರು ಈ ‘ಸುಮ್ಮನೆ’ಯನ್ನು ನುಂಗಿಕೊಂಡು ಬಂದಿದ್ದಾರೆ. ಹೋಟೆಲಿಗೆ ಹೋದರೆ ಅದೇ ತೀರ್ಪನ್ನು ಸಪ್ಲೈಯರ್ ಕೇಳಬೇಕು, ಮೆಸ್ಸಿಗೆ ಹೋದರೆ ಮೆಸ್ಸಿನ ಯಜಮಾನ ಕೇಳಬೇಕು. ತಾನೇ ಮಾಡಿ ತಂದ ಡಬ್ಬಿಯನ್ನು ಪ್ಯಾಂಟ್ರಿಯ ಮೂಲೆಯಲ್ಲಿ ತೆರೆದು ಮೊದಲ ತುತ್ತು ಇಟ್ಟವನ ಸ್ಥಿತಿಯೇ ಬೇರೆ. ಉಪ್ಪೇ ಹಾಕಿಲ್ಲ. ತಲೆ ಎತ್ತಿ ಅತ್ತ ಇತ್ತ ನೋಡುತ್ತಾನೆ. ನ್ಯಾಯಾಧೀಶನಿದ್ದಾನೆ, ಅಪರಾಧವೂ ಇದೆ, ಆರೋಪಿಯ ಜಾಗದಲ್ಲಿ ಮಾತ್ರ ತಾನೇ ಕೂತಿದ್ದಾನೆ. ಆಗ ಅವನ ಬಾಯಿಂದ ಹುಟ್ಟಿದಾರಭ್ಯ ಬರದಿದ್ದ ಒಂದು ಮಾತು ಬರುತ್ತದೆ: ‘ಪರವಾಗಿಲ್ಲ.’ ಮುಂದಿನ ತುತ್ತನ್ನು ಪರವಾಗಿಲ್ಲವೆಂದೇ ತಿನ್ನುತ್ತಾನೆ, ಡಬ್ಬಿ ತಳ ಕಾಣುವ ತನಕ ತಿನ್ನುತ್ತಾನೆ. ಮನೆಯಲ್ಲಿ ಇದೇ ಸಾರಿಗೆ ಮುಖ ಸಿಂಡರಿಸಿಕೊಂಡು ಎದ್ದುಹೋಗುತ್ತಿದ್ದ ಆಸಾಮಿ ಇವನೇ ಎಂದರೆ ನಂಬುವುದು ಕಷ್ಟ. ಈ ಕ್ಷಮಾಗುಣವನ್ನು ಕಲಿಸುವ ಇನ್ನೊಂದು ಪಾಠಶಾಲೆ ಇದ್ದರೆ ಹೇಳಿ, ನಾನು ಈ ವಕಾಲತ್ತನ್ನು ಇಲ್ಲಿಗೇ ಕೈಬಿಡುತ್ತೇನೆ.

ಹಾಗೆಂದರೆ ಸಂಸಾರವನ್ನು ಕರೆತಂದುಬಿಡಿ, ಜೊತೆಯಲ್ಲೇ ಕಲಿಯಿರಿ ಎನ್ನುವುದು ಸುಲಭ. ಸಂಬಳ 4,000 ದಿರ್ಹಮ್ ಇರಬೇಕು, ಇಲ್ಲವೇ 3,000ದ ಜೊತೆ ಕಂಪನಿ ಮನೆ ಕೊಟ್ಟಿರಬೇಕು. ಆಗಷ್ಟೇ ಫ್ಯಾಮಿಲಿ ವೀಸಾ. ಅದು ದಕ್ಕಿದರೂ ಬಾಡಿಗೆ, ಸ್ಕೂಲ್ ಫೀಸು ಕೇಳಿ ಹಿಂದೆ ಸರಿದವರಿಂದಲೇ ಬ್ಯಾಚುಲರ್ ರೂಮುಗಳು ತುಂಬಿವೆ. ಇದಕ್ಕಿಂತ ಹರಿತವಾದ ಆಕ್ಷೇಪ ಇನ್ನೊಂದಿದೆ. ತಾನೇ ಮಾಡಿದ್ದು ಎಂದು ಬೀಗುವ ಸಾರಿನ ಜೀವ ಇರುವುದು ಪುಡಿಯಲ್ಲಿ. ಆ ಪುಡಿ ಮಂಗಳೂರಿನಿಂದಲೋ ಮಂಡ್ಯದಿಂದಲೋ ಸ್ಟೀಲ್ ಡಬ್ಬಿಯಲ್ಲಿ, ಬಾಯಿಗೆ ಟೇಪು ಸುತ್ತಿಸಿಕೊಂಡು, ಬನಿಯನ್ನುಗಳ ನಡುವೆ ಅಡಗಿ ವಿಮಾನದಲ್ಲಿ ಬಂದದ್ದು. ಹುರಿದವರು ಬೇರೆ, ಬೀಸಿದವರು ಬೇರೆ, ಇವನು ಚಮಚದಲ್ಲಿ ಹಾಕಿದವನಷ್ಟೇ. ಸಂಜೆ ವಿಡಿಯೋ ಕಾಲಿನಲ್ಲಿ ಸಾರು ಹೇಗಾಯಿತೆಂದು ಕೇಳಿದರೆ, ‘ಈ ಸಲ ಪುಡಿಗೆ ಕೊತ್ತಂಬರಿ ಜಾಸ್ತಿಯಾದ ಹಾಗಿದೆ’ ಎನ್ನುತ್ತಾನೆ. ದೂರು ಅರಬ್ಬೀ ಸಮುದ್ರ ದಾಟಿಬಿಟ್ಟಿತು! ನನ್ನ ವಾದದಲ್ಲಿ ಇದೊಂದು ತೂತು, ಒಪ್ಪಬೇಕು. ಆದರೆ ಡಬ್ಬಿಯ ಪುಡಿ ತಳಕಂಡು ಅಂಗಡಿಯ ಪ್ಯಾಕೆಟ್ ಪುಡಿಗೆ ಇಳಿದ ದಿನದಿಂದ ಆ ದಾರಿಯೂ ಮುಚ್ಚುತ್ತದೆ. ಮುಂದಿನ ರಜೆಯ ತನಕ ಅವನು ಅಪ್ಪಟ ಸ್ಥಿತಪ್ರಜ್ಞ.

ರಜೆ ಎಂದ ಮೇಲೆ ಕೊನೆಯ ಆಕ್ಷೇಪವನ್ನೂ ಕೇಳಲೇಬೇಕು, ಅದು ಊರಿನಿಂದ ಬರುವುದು. ಇಲ್ಲಿನ ಕಾನೂನಿನ ಪ್ರಕಾರ ವರ್ಷಕ್ಕೆ 30 ದಿನ ರಜೆ. ಸ್ಥಿತಪ್ರಜ್ಞ ಮನೆಗೆ ಬಂದಿದ್ದಾನೆ. ‘ಅಲ್ಲಿ ದಿನಾ ನೀವೇ ಮಾಡಿಕೊಳ್ಳುವುದಂತೆ, ಹೌದಾ? ನಾಳೆ ಒಂದು ದಿನ ಇಲ್ಲಿಯೂ ಮಾಡಿ ನೋಡುವಾ’ ಎಂದು ಹೆಂಡತಿ ನಯವಾಗಿಯೇ ಕೇಳುತ್ತಾಳೆ. ಅವನ ಉತ್ತರಗಳನ್ನು ನಾನು ಸಮರ್ಥಿಸಲಾರೆ, ವರದಿ ಮಾಡಬಲ್ಲೆ. ಇಲ್ಲಿರುವುದು ಗ್ಯಾಸು, ಅಲ್ಲಿ ಕಾಯಿಲು, ಉರಿಯ ಅಂದಾಜು ಸಿಗುವುದಿಲ್ಲ. ಕೈ ಕೂತಿರುವುದು ಒಬ್ಬನ ಅಳತೆಗೆ, ಇಲ್ಲಿ ಐದು ಜನ. ಅಲ್ಲಿನ ನೀರೇ ಬೇರೆ. ಹೀಗೆ ಹೇಳುತ್ತಲೇ ಮಣೆ ಎಳೆದುಕೊಂಡು ಕೂರುತ್ತಾನೆ. ಅನ್ನ ಬೀಳುತ್ತದೆ, ಸಾರು ಬೀಳುತ್ತದೆ. ಮೊದಲ ತುತ್ತು ಒಳಗೆ ಹೋಗುತ್ತದೆ. ಎರಡು ಕ್ಷಣ ಮೌನ. ಉಪ್ಪಿನ ಮಾತು, ಹುಳಿಯ ಮಾತು ಎತ್ತುವುದಿಲ್ಲ, ಅಂಥ ಒರಟು ದೂರುಗಳನ್ನು ಅವನು ಬಿಟ್ಟು ವರ್ಷಗಳಾದವು. ಒಲೆಯ ಮುಂದೆ ನಿಂತು ಬಲ್ಲವನ ಧಾಟಿಯಲ್ಲಿ, ಬೆರಳ ತುದಿಯಿಂದ ಒಂದು ಕಾಳನ್ನು ತಟ್ಟೆಯ ಅಂಚಿಗೆ ಸರಿಸಿ, ‘ಸಾಸಿವೆ ಇನ್ನೊಂದೆರಡು ಸೆಕೆಂಡು ಸಿಡಿಯಬೇಕಿತ್ತಾ ಅಂತ’ ಎನ್ನುತ್ತಾನೆ. ಸುಮ್ಮನೆ ಹೇಳಿದ್ದು.